ಸಂಸೆಯ ಸೈರನ್

ಕಳಸದ ಹತ್ತಿರದ ಸಂಸೆಯಲ್ಲಿ ಶಂಕರಮ್ಮನ ಮನೆಯ ಹಿಂದಿನ ಗುಡ್ಡ ಬಿರುಕು ಬಿಟ್ಟಿತ್ತು. ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಭಾವನಾ, ತಾನೇ ಮಾಡಿದ ಯಂತ್ರವನ್ನು ತಂದು ಅಲ್ಲಿ ನೆಟ್ಟಳು. ಮಣ್ಣು ಜರುಗಿದರೆ ಅದರ ಸೈರನ್ ಕೂಗಬೇಕು.

“ಅದಕ್ಕೆ ಹೆಂಗೆ ಗೊತ್ತಾಗ್ತದೆ ಮಾರಾಯ್ತಿ?” ಎಂದರು ಶಂಕರಮ್ಮ.

“ಒಳಗೆ ಎರಡು ತಗಡು ಎದುರುಬದುರು ಉಂಟಮ್ಮ, ಅದೇ ಕೆಪಾಸಿಟರ್. ಒಂದು ಸ್ವಿಚ್ ಆನ್ ಆದಾಗ ಅದರಲ್ಲಿ ಚಾರ್ಜ್ ತುಂಬ್ತದೆ. ಅದು ಆಫ್ ಆದ ಮೇಲೆ ಇನ್ನೊಂದು ಆನ್ ಆಗಿ, ತುಂಬಿದ್ದನ್ನ ಅಳೆಯೋ ಕಡೆಗೆ ಸುರೀತದೆ. ಎರಡೂ ಒಟ್ಟಿಗೆ ಆನ್ ಆದ್ರೆ ಲೆಕ್ಕ ತಪ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗೇ. ಗುಡ್ಡ ಜರುಗಿದ್ರೆ ಒಂದು ತಗಡನ್ನ ಎಳೀತದೆ, ನಡುವಿನ ಸಂದು ಹೆಚ್ತದೆ, ಸುರಿಯೋ ಚಾರ್ಜ್ ಕಡಿಮೆ ಆಗ್ತದೆ. ಆಗ ಕೂಗ್ತದೆ.”

“ಅಷ್ಟು ಸಲ ತುಂಬಿ ಸುರಿದು ಪಾಪ, ಅದಕ್ಕೆ ಸುಸ್ತಾಗೋದಿಲ್ವಾ?”

ಆಷಾಢದ ಮಳೆಯಲ್ಲಿ ಸೈರನ್ ಕೂಗಿತು. ಅಕ್ಕಪಕ್ಕದವರೆಲ್ಲ ಮಕ್ಕಳನ್ನೆತ್ತಿಕೊಂಡು ಶಾಲೆಗೆ ಓಡಿದರು. ಗುಡ್ಡ ಅಲುಗಿರಲಿಲ್ಲ. ಮತ್ತೆ ಕೂಗಿತು, ಮತ್ತೆ ಓಡಿದರು. ಆಮೇಲೆ ಕೂಗಿದಾಗ ಯಾರೂ ಏಳಲಿಲ್ಲ. ಶಂಕರಮ್ಮನ ಮಗ ಹಾಲೇಶ್ ಬ್ಯಾಟರಿಯ ತಂತಿ ಕಿತ್ತು ಫೋನ್ ಮಾಡಿದ.

“ಅಕ್ಕ, ನಿಮ್ಮ ಯಂತ್ರ ಸುಳ್ಳು ಹೇಳ್ತದೆ. ತಗೊಂಡ್ಹೋಗಿ.”

ಭಾವನಾ ಅದನ್ನು ಕಾಲೇಜಿಗೆ ಒಯ್ದು ಬಿಚ್ಚಿದಳು. ಬೋರ್ಡಿನ ಮೇಲೆ ತೇವ ಕೂತು, ಸುರಿಯುವ ಮೊದಲೇ ಚಾರ್ಜ್ ಸೋರಿಹೋಗುತ್ತಿತ್ತು. ಒಣಗಿಸಿ, ವಾರ್ನಿಷ್ ಬಳಿದು, ಆವಿಗೆ ಹಿಡಿದು ನೋಡಿದಳು. ಲೆಕ್ಕ ಸರಿ ಬಂತು. ಹೊರಡಬೇಕೆಂದ ದಿನ ದಾರಿಗೆ ಮರ ಬಿದ್ದು ಕಳಸದ ಬಸ್ಸು ನಿಂತಿತು. ಅದೇ ಮಧ್ಯಾಹ್ನ ಗುಡ್ಡ ಕುಸಿಯಿತು. ಹುಲ್ಲು ಹಾಕಲು ಕೊಟ್ಟಿಗೆಗೆ ಹೋಗಿದ್ದ ಶಂಕರಮ್ಮ ಹಸುವಿನ ಸಮೇತ ಮಣ್ಣಿನಡಿ ಸೇರಿದರು.

ಮರುದಿನ ಭಾವನಾ ಬಂದಾಗ ಊರವರು ಅಗೆಯುತ್ತಿದ್ದರು. ಹಾಲೇಶನ ಕೈಯೆಲ್ಲ ಕೆಸರು.

“ಅದು ಇಲ್ಲೇ ಇದ್ದಿದ್ರೆ ಕೂಗ್ತಿತ್ತಾ ಅಕ್ಕ?”

“ಕೂಗ್ತಿತ್ತು. ಆದ್ರೆ ನೀವು ಯಾರೂ ನಂಬ್ತಿರಲಿಲ್ಲ. ನಂಬದ ಹಂಗೆ ಮಾಡಿದ್ದು ನಾನೇ.”

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸಿತು.

“ಅಮ್ಮ ಇನ್ನೂ ಸಿಕ್ಕಿಲ್ಲ,” ಎಂದ. “ಅಗೆಯೋರ ಮೇಲೂ ಮಣ್ಣು ಬಂದ್ರೆ? ನೆಡಿ ಅದನ್ನ.”

ಉಳಿದ ಗುಡ್ಡದ ಅಂಚಿನಲ್ಲಿ ಭಾವನಾ ಯಂತ್ರ ನೆಟ್ಟಳು. ಸಂಜೆಯ ಹೊತ್ತಿಗೆ ಸೈರನ್ ಕೂಗಿತು. ಒಂದು ಕ್ಷಣ ಎಲ್ಲರೂ ಹಾಲೇಶನ ಮುಖ ನೋಡಿದರು.

“ಓಡ್ರೋ!” ಎಂದು ಅವನು ಕಿರುಚಿದ.

ಗುದ್ದಲಿ ಬಿಸಾಡಿ ಓಡಿದರು. ಹಿಂದೆಯೇ ಮಣ್ಣು ಇಳಿದು ಬಂತು. ಯಾರಿಗೂ ಏನೂ ಆಗಲಿಲ್ಲ. ಆದರೆ ಬೆಳಗಿನಿಂದ ಅಗೆದಿದ್ದ ಗುಂಡಿ, ಬಿಸಾಡಿದ ಗುದ್ದಲಿಗಳ ಸಮೇತ, ಪೂರ್ತಿ ಮುಚ್ಚಿಹೋಗಿತ್ತು. ಹಾಲೇಶ್ ಪಕ್ಕದ ಮನೆಗೆ ಹೋಗಿ ಇನ್ನೊಂದು ಗುದ್ದಲಿ ಕೇಳಿದ.