ಅತ್ತೆ ತೊಳೆದು ಮುಚ್ಚಿಟ್ಟಿದ್ದು

ಅತ್ತೆ ಸಾವಂತ್ರಮ್ಮನ ಮೈಮೇಲೆ ನೀರುಬೊಬ್ಬೆ ಎದ್ದಾಗ, ಅದು ಸಿಡುಬಿನ ಅಮ್ಮನೇ ಎಂದು ನಲ್ಲೂರಿನ ನಮ್ಮ ಬೀದಿಯೆಲ್ಲ ತೀರ್ಮಾನಿಸಿತು. ಹಾಸಿಗೆಯ ಪಕ್ಕ ಬೇವಿನ ಸೊಪ್ಪಿಟ್ಟೆವು. ಅಮ್ಮ ಬಂದಾಗ ಮಾತ್ರೆ ಕೊಡಬಾರದೆಂದು ಎಲ್ಲ ಮಾತ್ರೆ ನಿಲ್ಲಿಸಿದೆವು. ಹತ್ತು ದಿನಕ್ಕೆ ಬೊಬ್ಬೆ ಒಣಗಿದವು. ನಾನೇ ಮೊಸರನ್ನದ ಎಡೆಯಿಟ್ಟು ಅಮ್ಮನನ್ನು ಕಳಿಸಿಕೊಟ್ಟೆ.

ಮರುದಿನದಿಂದ ಅತ್ತೆಗೆ ಮಂಡಿನೋವಿನ ಮಾತ್ರೆ ಮತ್ತೆ ಶುರುಮಾಡಿದೆ. ಅದಕ್ಕೆ ಡಾಕ್ಟರ ಚೀಟಿ ಗೀಟಿ ಏನೂ ಇರಲಿಲ್ಲ. ಖಾಲಿ ಶೀಟು ತೋರಿಸಿದರೆ ಮೆಡಿಕಲ್ಲಿನವರು ಕೊಡುತ್ತಿದ್ದರು. ನಾಲ್ಕನೇ ದಿನ ಬೊಬ್ಬೆ ಮತ್ತೆ ಎದ್ದವು, ಈ ಸಲ ಬಾಯೊಳಗೂ. ಗಂಜಿ ಕೂಡ ಇಳಿಯದಾಯಿತು. ಸೊಸೆ ಮುಟ್ಟಾದಾಗ ಒಳಗೆ ಓಡಾಡಿರಬೇಕು, ಅದಕ್ಕೇ ಅಮ್ಮ ಮುನಿದಿದ್ದಾಳೆ ಎಂದಳು ಪಕ್ಕದ ಮನೆಯ ಚೌಡೇಶ್ವರಿ. ನನಗೆ ಮೈಯೆಲ್ಲ ಉರಿದುಹೋಯಿತು. ಗಂಡ ರೇವಣ್ಣನನ್ನು ಹೊರಡಿಸಿಕೊಂಡು ಅತ್ತೆಯನ್ನು ದಾವಣಗೆರೆಯ ಆಸ್ಪತ್ರೆಗೆ ಸೇರಿಸಿದೆ.

ಚರ್ಮದ ಡಾಕ್ಟರಮ್ಮ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಕೇಳಿದರು, "ಮೋಷನ್‌ನಲ್ಲಿ ರಕ್ತ ಹೋಗುತ್ತಾ ಅಜ್ಜಿ?"

ಅತ್ತೆ ಮಗನ ಮುಖ ನೋಡಿ ತಲೆ ತಗ್ಗಿಸಿದರು. ಡಾಕ್ಟರಮ್ಮ ರೇವಣ್ಣನನ್ನು ಹೊರಗೆ ಕಳಿಸಿದರು.

"ಎರಡು ವರ್ಷಾತು," ಎಂದರು ಅತ್ತೆ.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಇದು ಅಮ್ಮನಲ್ಲ. ಮೈ ಕಾಯಬೇಕಾದ ಶಕ್ತಿಯೇ ಸ್ವಂತ ಚರ್ಮದ ಮೇಲೆ ತಿರುಗಿಬಿದ್ದಿದೆ. ದೊಡ್ಡ ಕರುಳಿನಲ್ಲಿ ಊತ, ಹುಣ್ಣು ಇರುವ ಕೆಲವರಿಗೆ ಹೀಗಾಗುತ್ತದೆ. ಕೆರಳಿಸಿದ್ದು ಬಹುಶಃ ಆ ನೋವಿನ ಮಾತ್ರೆ. ಬಿಟ್ಟಾಗ ಒಣಗಿತ್ತು, ಕೊಟ್ಟಾಗ ಎದ್ದಿತ್ತು.

ಕೊಟ್ಟವಳು ನಾನು. ಅಳು ತಡೆಯಲಾಗಲಿಲ್ಲ.

"ನಂಗಾದ್ರೂ ಯಾಕೆ ಹೇಳ್ಲಿಲ್ರಿ ಅತ್ತೆ?"

"ಹೆಂಗೆ ಹೇಳ್ಲಿ ಅನ್ನಪೂರ್ಣ, ನಾಚ್ಕೆ ಆಗ್ತಿತ್ತು. ನಿನ್ ಕಣ್ಣಿಗೆ ಬೀಳಬಾರ್ದು ಅಂತ ದಿನಾ ನಾನೇ ತೊಳಿತಿದ್ದೆ."

ಎರಡು ವರ್ಷದಿಂದ ಪಾಯಖಾನೆ ತೊಳೆಯಲು ಅತ್ತೆ ನನ್ನನ್ನು ಬಿಟ್ಟಿರಲಿಲ್ಲ. ನನ್ನ ಕೆಲಸ ಇವರಿಗೆ ಒಪ್ಪುವುದಿಲ್ಲವೆಂದು ನಾನು ಬೀದಿಯವರ ಮುಂದೆಲ್ಲ ಆಡಿಕೊಂಡಿದ್ದೆ. ಮುಖ ಊದಿಸಿಕೊಂಡು ವಾರಗಟ್ಟಲೆ ಮಾತು ಬಿಟ್ಟಿದ್ದೆ.

ಹೊಸ ಔಷಧಿಗೆ ಬೊಬ್ಬೆ ನಿಂತವು. ರಕ್ತ ಕಡಿಮೆಯಾಗುತ್ತಿದೆಯೇ ಎಂದು ದಿನವೂ ನೋಡಲು ಡಾಕ್ಟರಮ್ಮ ಹೇಳಿದ್ದರು. ಹೆಚ್ಚೋ ಕಡಿಮೆಯೋ ಎಂದು ಗುರುತಿಸಲು ಅತ್ತೆಗೆ ಕಣ್ಣು ಮಂಜು. ಊರಿಗೆ ಬಂದ ಮೊದಲ ಬೆಳಿಗ್ಗೆ ಅವರು ಹಿತ್ತಲಿನ ಪಾಯಖಾನೆಗೆ ಹೋದಾಗ ನಾನು ಬಾಗಿಲ ಹೊರಗೆ ನಿಂತೆ. ಒಳಗೆ ಬಕೀಟಿಗೆ ಚೊಂಬು ತಾಗಿದ ಸದ್ದು ಕೇಳಿತು.

"ನೀರು ಹಾಕ್‌ಬ್ಯಾಡ್ರಿ ಅತ್ತೆ. ನಾನು ನೋಡ್ತೀನಿ."

ಚೊಂಬು ಕೆಳಗಿಟ್ಟ ಸದ್ದಾಯಿತು. ಆಮೇಲೆ ಚಿಲಕ ತೆಗೆದರು.

"ಬಾರವ್ವ," ಎಂದರು. "ನೋಡು."