ಊದದೆ ಉಳಿದ ಸೀಟಿ

ನಾನು ಒಂದು ಸೀಟಿ. ಕಪ್ಪು ಪ್ಲಾಸ್ಟಿಕ್ಕನ್ನು ಕರಗಿಸಿ, ಅಚ್ಚಿಗೆ ಸುರಿದು, ನನ್ನಂಥ ಸಾವಿರ ಸೀಟಿಗಳನ್ನು ಒಟ್ಟಿಗೇ ಮಾಡಿದರು. ಮಂಡ್ಯದ ಆಟದ ಸಾಮಾನಿನ ಅಂಗಡಿಯೊಂದರಲ್ಲಿ ನನ್ನನ್ನು ಕೊಂಡವರು ಸರ್ವಮಂಗಳಾ ಮೇಡಂ. ಅವರು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು, ಭಾನುವಾರ ಮಕ್ಕಳ ಬ್ಯಾಸ್ಕೆಟ್‌ಬಾಲ್ ಪಂದ್ಯಗಳಿಗೆ ರೆಫರಿ.

ಅವರ ಕೊರಳಲ್ಲಿ ನೇತಾಡುತ್ತ, ಆಟದ ನಿಯಮಕ್ಕಿಂತ ಮೊದಲು ನಾನು ಅನುಮಾನ ಕಲಿತೆ. ಅದನ್ನು ಕಲಿಸಿದವರು ಹುಡುಗಿಯರ ತಂಡವೊಂದರ ಕೋಚ್ ಚೆಲುವರಾಜು. ನಾನು ಕೂಗಿದಾಗಲೆಲ್ಲ ಅವರು ಬೆಂಚಿನಿಂದ ಏಳುತ್ತಿದ್ದರು.

"ಏನ್ ಮೇಡಂ, ನಿಮ್ ಕಣ್ಗೆ ನಮ್ ಹುಡ್ಗೀರ್ ತಪ್ಪು ಮಾತ್ರ ಕಾಣ್ಸೋದಾ?"

ಎದುರು ತಂಡದ ಕೋಚ್ ಜೊತೆ ಮೇಡಂ ಒಮ್ಮೆ ಕಾಫಿ ಕುಡಿದಿದ್ದರು. ಚೆಲುವರಾಜುಗೆ ಅಷ್ಟೇ ಸಾಕಾಯಿತು. ಮೇಡಂ ಕೂಡ ಸುಮ್ಮನಿರಲಿಲ್ಲ. ತಾಗದಿದ್ದರೂ ಬಿದ್ದು ಫೌಲ್ ಗಿಟ್ಟಿಸುವುದನ್ನು ಚೆಲುವರಾಜು ಮಕ್ಕಳಿಗೆ ಹೇಳಿಕೊಡುತ್ತಾರೆಂಬ ಗುಮಾನಿ ಮೇಡಂಗೆ. ಅವರ ತಂಡದವರು ಯಾರು ಬಿದ್ದರೂ ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ನನಗೋ ಇಬ್ಬರ ಮೇಲೂ ಅನುಮಾನ.

ಜಿಲ್ಲಾ ಮಟ್ಟದ ಫೈನಲ್. ಎರಡೂ ತಂಡಗಳದು ಸಮ ಅಂಕ. ಉಳಿದದ್ದು ಅರ್ಧ ನಿಮಿಷ. ಚೆಲುವರಾಜು ತಂಡದ ಇಂಚರ, ಹದಿಮೂರರ ಚುರುಕು ಹುಡುಗಿ, ಚೆಂಡು ಹಿಡಿದು ನುಗ್ಗಿದಳು. ಎದುರಾಳಿಯ ಭುಜ ಬಡಿಯಿತು. ಅವಳು ಸಿಮೆಂಟಿನ ಮೇಲೆ ದೊಪ್ಪನೆ ಬಿದ್ದಳು.

ನಾನು ತುಟಿಗಳ ನಡುವೆಯೇ ಇದ್ದೆ. ಮೇಡಂ ಉಸಿರೆಳೆದುಕೊಂಡದ್ದು ಗೊತ್ತಾಯಿತು. ಆ ಉಸಿರು ಹೊರಗೆ ಬರಲಿಲ್ಲ. ಆಟ ನಿಲ್ಲಲಿಲ್ಲ, ಎದುರು ತಂಡ ಚೆಂಡು ಕಸಿದು ಅತ್ತ ಬುಟ್ಟಿಗೆ ಹಾಕಿತು. ಇಂಚರಳ ತಂಡ ಎರಡು ಅಂಕದಿಂದ ಸೋತಿತು.

ಅವಳು ಏಳಲೇ ಇಲ್ಲ. ಮಣಿಕಟ್ಟು ಸೊಟ್ಟಗಾಗಿ ಊದಿಕೊಂಡಿತ್ತು.

ಆಸ್ಪತ್ರೆಯ ವರಾಂಡದಲ್ಲಿ ಚೆಲುವರಾಜು ಕೂಗಾಡುತ್ತಾರೆಂದು ಕಾದೆ. ಅವರು ಗೋಡೆಗೆ ಒರಗಿ ನಿಂತಿದ್ದರು.

"ನಾಟಕ ಅಂದ್ಕೊಂಡ್ಬಿಟ್ಟೆ ರಾಜು ಅವ್ರೆ," ಎಂದರು ಮೇಡಂ.

ಅವರು ತಲೆಯೆತ್ತಲಿಲ್ಲ. "ಹಂಗೆ ಬೀಳೋದ್ ಕಲ್ಸಿದ್ದು ನಾನೇ ಮೇಡಂ. ಇವ್ಳು ಮಾತ್ರ ಕಲೀನಿಲ್ಲ. 'ನಂಗೆ ನಾಚ್ಕೆ ಆಯ್ತದೆ ಸಾರ್' ಅಂತಿದ್ಲು."

ಒಳಗೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಇಂಚರ, ಮೇಡಂ ಮುಖವನ್ನೇ ನೋಡಿದಳು. "ನಾನ್ ನಿಜವಾಗ್ಲೂ ಬಿದ್ದಿದ್ದೆ ಮೇಡಂ."

"ಗೊತ್ತು ಕಣವ್ವ. ತಪ್ಪು ನಂದೇ." ಮೇಡಂ ನನ್ನನ್ನು ಕೊರಳಿನಿಂದ ತೆಗೆದು ಅವಳ ದಿಂಬಿನ ಪಕ್ಕ ಇಟ್ಟರು. ಆಮೇಲೆ ಅವರೆಂದೂ ರೆಫರಿಯಾಗಲಿಲ್ಲ.

ಕೈ ಮೂಳೆ ಕೂಡುವ ತನಕ ಇಂಚರ ಅಭ್ಯಾಸದ ಆಟಗಳಿಗೆ ನನ್ನನ್ನು ಊದಿದಳು. ಮೊದಲ ದಿನವೇ ಚೆಲುವರಾಜು ಎದ್ದರು. "ಎಲ್ಲೈತೆ ಫೌಲು?"

"ನಾನ್ ನೋಡ್ದೆ ಸಾರ್."

ಅವರು ಅವಳ ಪ್ಲಾಸ್ಟರ್ ಕೈ ನೋಡಿ, ಬೆಂಚಿನ ಮೇಲೆ ಕುಳಿತರು.

ವರ್ಷಗಳು ಕಳೆದಿವೆ. ಇಂಚರ ಈಗ ರೆಫರಿ. ಅವಳ ಕೊರಳಲ್ಲಿ ಹೊಸ ಸೀಟಿ. ಅಂಚು ಸೀಳಿಹೋದ ನಾನು ಅವಳ ಮೇಜಿನ ಡ್ರಾಯರಿನಲ್ಲಿ ಹಳೆ ಪೆನ್ನುಗಳ ನಡುವೆ ಮಲಗಿದ್ದೇನೆ. ಪಂದ್ಯವಿರುವ ದಿನ ಅವಳು ಡ್ರಾಯರ್ ಎಳೆದು, ನನ್ನನ್ನೊಮ್ಮೆ ನೋಡಿ, ಮುಚ್ಚಿ ಹೋಗುತ್ತಾಳೆ. ಅವಳು ಮೇಡಂ ಅವರನ್ನು ಕ್ಷಮಿಸಿದ್ದಾಳೋ, ತಾನೂ ಹಾಗೆ ತಪ್ಪಬಾರದೆಂಬ ಎಚ್ಚರಿಕೆಗೆಂದು ನೋಡುತ್ತಾಳೋ, ನನಗೆ ಇಂದಿಗೂ ಅನುಮಾನ.