ಅವನು ಹತ್ತಿರ ಬಂದಷ್ಟೂ

ಟೈರು ಅಂಗಡಿ ಭಾವನದು. ನಾನು ಅಲ್ಲಿ ಕೂಲಿ. ಚಕ್ರ ಬಿಚ್ಚುತ್ತಿದ್ದ ನನ್ನ ಪಕ್ಕ ಭಾವ ಬಂದು ಕುಕ್ಕರಗಾಲಲ್ಲಿ ಕೂತ.

"ನಿಮ್ಮಕ್ಕ ಇಸ್ತ್ರಿ ಹಾಕ್ತಾ ಏನು ಗೊಣಗ್ತಾಳೆ ಗೊತ್ತೇನೋ? 'ಅವನು ಎಷ್ಟು ಹತ್ತಿರ ಬರ್ತಾನೋ ನನ್ನೆದೆ ಅಷ್ಟು ಜೋರಾಗಿ ಹೊಡ್ಕೊಳ್ಳುತ್ತೆ.' ಆಮೇಲೆ ಅದನ್ನೇ ಫ್ರೆಂಚಲ್ಲಿ. ಯಾರೋ ಅವನು?"

"ಸಂಜೆ ಫ್ರೆಂಚ್ ಕ್ಲಾಸಿನ ಪಾಠ ಇರ್ಬೇಕು ಭಾವ."

"ಯಾವ ಪಾಠದಲ್ಲಿ ಎದೆ ಹೊಡ್ಕೊಳ್ಳುತ್ತೋ? ಸಂಜೆ ಹೋಗಿ ನೋಡ್ಕೊಂಡು ಬಾ. ಅವನು ಯಾರಂತ ಗೊತ್ತಾಗ್ಲಿ, ನಾಳೆಯಿಂದ ಅವಳು ಹೊಸಿಲು ದಾಟಲ್ಲ."

ಅಕ್ಕ ಹೋಟೆಲಿನಲ್ಲಿ ಹಾಸಿಗೆ ಬಟ್ಟೆ ಮಡಚುತ್ತಾಳೆ. ಫ್ರೆಂಚ್ ಬಂದರೆ ಮುಂಬಾಗಿಲ ಕೌಂಟರಿಗೆ ಬಡ್ತಿ. ಆ ಹೊಸಿಲೊಂದೇ ಅವಳಿಗಿರುವ ದಾರಿ.

ಆದರೂ ನನ್ನ ತಲೆಗೂ ಹುಳ ಬಿತ್ತು. ಸೆಕೆಯಲ್ಲೂ ಅಕ್ಕನಿಗೆ ಉದ್ದ ತೋಳಿನ ಅಂಗಿ. ಚಿಲಕ ಸದ್ದಾದರೆ ಫೋನು ಮಗುಚಿಡುವುದು. ಏನೋ ಇದೆ, ಖಂಡಿತ.

ಪಾಠ ನಡೆಯುವುದು ಸ್ಟೇಷನರಿ ಅಂಗಡಿಯ ಮೇಲಿನ ಕೋಣೆಯಲ್ಲಿ. ಬಾಗಿಲ ಸಂದಿಯಿಂದ ಇಣುಕಿದೆ. ಟೀಚರು ನರೆಗೂದಲ ಹೆಂಗಸು. ಗಂಡಸು ಅಂತ ಇದ್ದದ್ದು ಕಿವಿಗೆ ಮಿಷಿನ್ನು ಸಿಕ್ಕಿಸಿಕೊಂಡ ಒಬ್ಬ ಅಜ್ಜ. ಇವನಾ? ಥೂ!

"'ಎಷ್ಟೋ, ಅಷ್ಟು' ಅನ್ನೋಕೆ ಫ್ರೆಂಚಿನವರಿಗೆ ಒಂದೇ ಪದ ಎರಡು ಸಲ ಬಂದ್ರೆ ಸಾಕು. ಪ್ಲು, ಪ್ಲು," ಎಂದರು ಟೀಚರು. "ಜರ್ಮನ್ನರಿಗೆ ನಮ್ಮ ಹಾಗೆ ಜೋಡಿ ಬೇಕು. ಯೆ, ಡೆಸ್ಟೊ. ಎಷ್ಟೋ, ಅಷ್ಟು. ನಮ್ಮ ರೂಲು ಗೊತ್ತಲ್ಲ? ವಾಕ್ಯ ನಿಮ್ಮನಿಮ್ಮ ಮನೆಯವರ ಮೇಲೇ ಇರ್ಬೇಕು, ಹೆಸರು ಎತ್ತಬಾರದು. ಮೊದಲು ಕನ್ನಡದಲ್ಲಿ."

ಅಜ್ಜ ಶುರುಮಾಡಿದ: "ಸೊಸೆ ಎಷ್ಟು ಕೂಗ್ತಾಳೋ, ನನ್ನ ಕಿವಿ ಅಷ್ಟು ಕಿವುಡು."

ಎಲ್ಲರೂ ನಕ್ಕರು. ಅಕ್ಕ ಎದ್ದಳು. ಎದೆ ಹೊಡೆದುಕೊಳ್ಳುವ ವಾಕ್ಯ ಹೇಳಿದಳು. ನಗು ನಿಂತಿತು.

"ಇನ್ನೊಂದು?"

"ಅವನ ಕೈ ಎಷ್ಟು ಮೇಲೇಳುತ್ತೋ, ನಾನು ಅಷ್ಟು ಚಿಕ್ಕೋಳಾಗ್ತೀನಿ."

ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ಅಂಗಿಯ ತೋಳು ಜಾರಿತು. ಮೊಣಕೈವರೆಗೂ ಹಸಿರುಗಟ್ಟಿದ ಬಾಸುಂಡೆಗಳು.

ಭಾವನ ಮಾತು ಕೇಳಿಕೊಂಡು ನಾನು ಅವಳ ಮೇಲೆ ಕಣ್ಣಿಡಲು ಬಂದಿದ್ದೆ!

ಮೆಟ್ಟಿಲಿಳಿದರೆ ಕೆಳಗೆ ಭಾವ. ನನ್ನ ಮೇಲೂ ನಂಬಿಕೆಯಿಲ್ಲದೆ ಹಿಂದೆಯೇ ಬಂದಿದ್ದ.

"ಸಿಕ್ಕಿದ್ನಾ? ಯಾರೋ ಅವನು?"

"ಮದುವೆಯಾದೋನು. ಸ್ವಂತ ಟೈರು ಅಂಗಡಿ ಇದೆ."

ತನ್ನನ್ನೇ ಅಂದದ್ದೆಂದು ಅವನಿಗೆ ಹೊಳೆಯಿತು. ಆಮೇಲೆ ಮೊದಲ ಮೆಟ್ಟಿಲಿಗೆ ಕಾಲಿಟ್ಟ. "ದಾರಿ ಬಿಡೋ."

ಇಕ್ಕಟ್ಟಿನ ಮೆಟ್ಟಿಲು. ನಾನು ಅಡ್ಡಲಾಗಿ ಕೂತುಬಿಟ್ಟೆ.

"ಅನ್ನ ಹಾಕೋ ಕೈಗೇ ತಿರುಗಿ ಬೀಳ್ತೀಯೇನೋ?"

"ಆ ಕೈ ಇನ್ನೇನೇನು ಮಾಡುತ್ತೆ ಅಂತ ನೋಡ್ಕೊಂಡೇ ಬಂದೆ."

ಮೇಲೆ ಅಕ್ಕ ಫ್ರೆಂಚಿನಲ್ಲಿ ಹೇಳತೊಡಗಿದಳು. ಪ್ಲು, ಅಂದಳು. ಭಾವ ಇನ್ನೊಂದು ಮೆಟ್ಟಿಲು ಹತ್ತಿದ. ಅವಳ ಎರಡನೇ ಪ್ಲು ಕೇಳಿಸಿತು. ನಾನು ಏಳಲಿಲ್ಲ.